ಫಿನೈಲ್‌ಅಲನಿನ್ ಚಯಾಪಚಯ: ಒಂದು ಕಿಣ್ವದ ಕೊರತೆ ಮತ್ತು ಬೆಂಗಳೂರಿನ ಶಿಶುಗಳು

ಜಯನಗರದ ನಾಲ್ಕನೆಯ ಬ್ಲಾಕಿನ ಅಂಗಡಿಯೊಂದರಲ್ಲಿ ಆಸ್ಪರ್ಟೇಮ್ ಬೆರೆಸಿದ ಸಕ್ಕರೆರಹಿತ ಪಾನೀಯದ ಡಬ್ಬಿಯನ್ನು ಕೈಗೆತ್ತಿಕೊಂಡು ಅದರ ಹಿಂಬದಿಯ ಸಣ್ಣ ಅಕ್ಷರಗಳನ್ನು ಓದಿದರೆ, ಫಿನೈಲ್‌ಕೀಟೋನೂರಿಯಾ ಇರುವವರು ಇದನ್ನು ಸೇವಿಸಬಾರದೆಂಬ ಎಚ್ಚರಿಕೆ ಕಾಣುತ್ತದೆ. ಕಾನೂನು ಕಡ್ಡಾಯಗೊಳಿಸಿರುವ ಈ ಸಾಲನ್ನು ಓದುವವರು ವಿರಳ. ಓದಿದರೂ ಅದು ಯಾರನ್ನು ಉದ್ದೇಶಿಸಿದೆಯೆಂದು ಬಲ್ಲವರು ಇನ್ನೂ ವಿರಳ. ಆ ಡಬ್ಬಿಯನ್ನು ಮುಟ್ಟಬಾರದ ವ್ಯಕ್ತಿಗೇ ತನಗೆ ಆ ಕಾಯಿಲೆಯಿದೆಯೆಂಬುದು ತಿಳಿಯದಿರಬಹುದು. ಏಕೆಂದರೆ ಕಾಲಕ್ಕೆ ಸರಿಯಾಗಿ ಪತ್ತೆಯಾಗದ ಈ ರೋಗ ಓದುವ ಶಕ್ತಿಯನ್ನೇ ಕಸಿದುಕೊಂಡಿರುತ್ತದೆ. ಹುಟ್ಟಿದ ಮೊದಲ ಕೆಲವು ವಾರಗಳಲ್ಲಿ ಒಂದು ಹನಿ ರಕ್ತದಿಂದ ಗುರುತಿಸಿ, ಆಹಾರ ನಿಯಂತ್ರಣದಿಂದಲೇ ತಡೆಯಬಹುದಾದ ಬುದ್ಧಿಮಾಂದ್ಯಕ್ಕೆ ಇದು ಹೆಸರಾಂತ ಉದಾಹರಣೆ. ಈ ರೋಗದ ತಿಳಿವಳಿಕೆ ದಕ್ಷಿಣ ಬೆಂಗಳೂರಿಗೆ ಹೊಸದೇನಲ್ಲ. ಅದು ಇಲ್ಲಿಗೆ ಬಂದು ಅರ್ಧ ಶತಮಾನ ಕಳೆದಿದೆ.

ಕಿಣ್ವದ ಕೆಲಸ

ನಾವು ತಿನ್ನುವ ಪ್ರೋಟೀನುಗಳೆಲ್ಲ ಇಪ್ಪತ್ತು ಬಗೆಯ ಅಮೈನೊ ಆಮ್ಲಗಳ ಸರಪಣಿಗಳು. ಇವುಗಳಲ್ಲಿ ಒಂಬತ್ತನ್ನು ಮಾನವ ದೇಹ ತಾನಾಗಿ ತಯಾರಿಸಿಕೊಳ್ಳಲಾರದು, ಆಹಾರದಿಂದಲೇ ಪಡೆಯಬೇಕು. ಫಿನೈಲ್‌ಅಲನಿನ್ ಆ ಒಂಬತ್ತರಲ್ಲಿ ಒಂದು. ಅಕ್ಕಿ, ರಾಗಿ, ಬೇಳೆ, ಹಾಲು, ಮೊಟ್ಟೆ, ಮಾಂಸ ಯಾವುದನ್ನೇ ತೆಗೆದುಕೊಂಡರೂ, ಸ್ಥೂಲವಾಗಿ, ಒಂದು ಗ್ರಾಂ ಪ್ರೋಟೀನಿನಲ್ಲಿ 50 ಮಿಲಿಗ್ರಾಂನಷ್ಟು ಫಿನೈಲ್‌ಅಲನಿನ್ ಇರುತ್ತದೆ. ಬೆಳೆಯುವ ದೇಹ ಇದರ ಒಂದು ಪಾಲನ್ನು ತನ್ನ ಪ್ರೋಟೀನುಗಳ ನಿರ್ಮಾಣಕ್ಕೆ ಬಳಸಿಕೊಳ್ಳುತ್ತದೆ. ಉಳಿದುದು, ಸಾಮಾನ್ಯವಾಗಿ ಸೇವಿಸಿದ್ದರ ಬಹುಭಾಗ, ಯಕೃತ್ತಿನಲ್ಲಿ ಟೈರೊಸಿನ್ ಎಂಬ ಮತ್ತೊಂದು ಅಮೈನೊ ಆಮ್ಲವಾಗಿ ಮಾರ್ಪಡುತ್ತದೆ.

ಈ ಮಾರ್ಪಾಟನ್ನು ನಡೆಸುವುದು ಫಿನೈಲ್‌ಅಲನಿನ್ ಹೈಡ್ರಾಕ್ಸಿಲೇಸ್ ಎಂಬ ಕಿಣ್ವ. ಅದು ಫಿನೈಲ್‌ಅಲನಿನ್‌ನ ಉಂಗುರಕ್ಕೆ ಒಂದು ಆಮ್ಲಜನಕ ಪರಮಾಣುವನ್ನು ಜೋಡಿಸುತ್ತದೆ, ಅಷ್ಟೆ. ಆದರೆ ಈ ಕೆಲಸಕ್ಕೆ ಕಿಣ್ವವೊಂದೇ ಸಾಲದು. ಕಬ್ಬಿಣವೂ, ಟೆಟ್ರಾಹೈಡ್ರೊಬಯಾಪ್ಟೆರಿನ್ ಎಂಬ ಸಹಾಯಕ ಅಣುವೂ ಬೇಕು. ಈ ಸಹಾಯಕವನ್ನು 1950ರ ದಶಕದ ಕೊನೆಯಲ್ಲಿ ಅಮೆರಿಕದ ಸೆಮೂರ್ ಕೌಫ್‌ಮನ್ ಕಂಡುಹಿಡಿಯಲಾರಂಭಿಸಿದರು. ಒಮ್ಮೆ ಬಳಕೆಯಾದ ಸಹಾಯಕ ಅಣು ಬೇರೆ ಕಿಣ್ವಗಳ ನೆರವಿನಿಂದ ಮತ್ತೆ ಸಿದ್ಧಗೊಂಡು ಕೆಲಸಕ್ಕೆ ಮರಳುತ್ತದೆ.

ಟೈರೊಸಿನ್‌ನಿಂದ ಹಲವು ದಾರಿಗಳು ಕವಲೊಡೆಯುತ್ತವೆ. ಮಿದುಳಿನ ಸಂದೇಶವಾಹಕವಾದ ಡೋಪಮೀನ್, ಅದರಿಂದ ನಾರ್‌ಅಡ್ರಿನಲಿನ್ ಮತ್ತು ಅಡ್ರಿನಲಿನ್, ಥೈರಾಯ್ಡ್ ಗ್ರಂಥಿಯ ಹಾರ್ಮೋನು, ಕೂದಲು ಮತ್ತು ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ಎಲ್ಲಕ್ಕೂ ಇದೇ ಮೂಲದ್ರವ್ಯ. ಮಿಕ್ಕ ಟೈರೊಸಿನ್ ಹಂತಹಂತವಾಗಿ ಒಡೆದು ಹೋಮೊಜೆಂಟಿಸಿಕ್ ಆಮ್ಲವನ್ನು ಹಾದು, ಕೊನೆಗೆ ಫ್ಯೂಮರೇಟ್ ಮತ್ತು ಅಸಿಟೊಅಸಿಟೇಟ್‌ಗಳಾಗಿ, ಶಕ್ತಿಗಾಗಿ ಉರಿಯುತ್ತದೆ. ಈ ದಾರಿಯ ಯಾವ ಹಂತದಲ್ಲಿ ಕಿಣ್ವ ಕೈಕೊಟ್ಟರೂ ಒಂದೊಂದು ರೋಗ ಹುಟ್ಟುತ್ತದೆ. ಮೆಲನಿನ್ ತಯಾರಿಸುವ ಟೈರೊಸಿನೇಸ್ ಇಲ್ಲದಿದ್ದರೆ ಬಿಳಿತನ ಬರುತ್ತದೆ, ಅಂದರೆ ಚರ್ಮ, ಕೂದಲು, ಕಣ್ಣಿಗೆ ಬಣ್ಣವಿರುವುದಿಲ್ಲ. ಹೋಮೊಜೆಂಟಿಸಿಕ್ ಆಮ್ಲವನ್ನು ಒಡೆಯುವ ಕಿಣ್ವವಿಲ್ಲದಿದ್ದರೆ ಗಾಳಿಗೆ ತೆರೆದಿಟ್ಟ ಮೂತ್ರ ಕಪ್ಪಾಗುವ ಆಲ್ಕಾಪ್ಟೊನೂರಿಯಾ. ಇದರಲ್ಲಿ ನಡುವಯಸ್ಸಿನ ಹೊತ್ತಿಗೆ ಕೀಲುಗಳು ಸವೆಯುತ್ತವೆ. ಕೊನೆಯ ಹಂತದ ಕಿಣ್ವವಿಲ್ಲದಿದ್ದರೆ ಯಕೃತ್ತನ್ನು ಎಳವೆಯಲ್ಲೇ ಹಾಳುಮಾಡುವ ಒಂದನೆಯ ಬಗೆಯ ಟೈರೊಸಿನೀಮಿಯಾ. 1902ರಲ್ಲಿ ಲಂಡನ್ನಿನ ವೈದ್ಯ ಆರ್ಚಿಬಾಲ್ಡ್ ಗ್ಯಾರೊಡ್ ಆಲ್ಕಾಪ್ಟೊನೂರಿಯಾ ಇದ್ದ ಕುಟುಂಬಗಳನ್ನು ಗಮನಿಸಿದರು. ಸೋದರಸಂಬಂಧಿಗಳ ಮದುವೆಯಿಂದ ಹುಟ್ಟಿದ ಮಕ್ಕಳಲ್ಲಿ ಅದು ಹೆಚ್ಚಾಗಿ ಕಾಣುತ್ತಿತ್ತು. ಮೆಂಡೆಲನ ನಿಯಮಗಳು ಮಾನವ ರೋಗವೊಂದಕ್ಕೆ ಅನ್ವಯವಾದದ್ದು ಅದೇ ಮೊದಲು. ಸೋದರಸಂಬಂಧದ ಈ ಮಾತು ಕರ್ನಾಟಕದ ಮಟ್ಟಿಗೆ ಮುಂದೆ ಮತ್ತೆ ಬರಲಿದೆ.

ಮೊದಲ ಹೆಜ್ಜೆಯೇ ತಡೆಯಾದಾಗ

ಹೈಡ್ರಾಕ್ಸಿಲೇಸ್ ಕಿಣ್ವವೇ ದೋಷಯುಕ್ತವಾಗಿದ್ದರೆ ಉಂಟಾಗುವುದು ಫಿನೈಲ್‌ಕೀಟೋನೂರಿಯಾ. ಆರೋಗ್ಯವಂತರ ರಕ್ತದಲ್ಲಿ ಪ್ರತಿ 100 ಮಿಲಿಲೀಟರಿಗೆ ಸುಮಾರು ಒಂದು ಮಿಲಿಗ್ರಾಂ ಇರುವ ಫಿನೈಲ್‌ಅಲನಿನ್ ಈ ರೋಗದ ತೀವ್ರ ರೂಪದಲ್ಲಿ 20 ಮಿಲಿಗ್ರಾಂ ಮೀರುತ್ತದೆ. ಗರ್ಭದಲ್ಲಿರುವವರೆಗೆ ತಾಯಿಯ ಯಕೃತ್ತು ಮಗುವಿನ ಕೆಲಸವನ್ನೂ ನಿಭಾಯಿಸುವುದರಿಂದ ಶಿಶು ಹುಟ್ಟುವಾಗ ಸಂಪೂರ್ಣ ಆರೋಗ್ಯದಿಂದಿರುತ್ತದೆ. ಹಾಲು ಕುಡಿಯಲು ತೊಡಗಿದೊಡನೆ ಮಟ್ಟ ಏರುತ್ತದೆ.

ಹಾನಿಯಾಗುವುದು ಮಿದುಳಿಗೆ. ರಕ್ತದಿಂದ ಮಿದುಳಿಗೆ ದೊಡ್ಡ ಅಮೈನೊ ಆಮ್ಲಗಳನ್ನು ಸಾಗಿಸುವ ದ್ವಾರ ಒಂದೇ. ಅಲ್ಲಿ ಫಿನೈಲ್‌ಅಲನಿನ್ ಕಿಕ್ಕಿರಿದು ನಿಂತರೆ ಟೈರೊಸಿನ್, ಟ್ರಿಪ್ಟೊಫ್ಯಾನ್ ಮುಂತಾದುವಕ್ಕೆ ದಾರಿ ಸಿಗುವುದಿಲ್ಲ. ನರತಂತುಗಳ ಮೇಲಿನ ಮಯಲಿನ್ ಕವಚ ಸರಿಯಾಗಿ ಬೆಳೆಯುವುದಿಲ್ಲ; ಡೋಪಮೀನ್, ಸಿರೊಟೋನಿನ್‌ಗಳು ಕುಗ್ಗುತ್ತವೆ. ಕೆಲವು ತಿಂಗಳಲ್ಲಿ ಬೆಳವಣಿಗೆ ಹಿಂದುಳಿದು, ಮಗು ಕತ್ತು ನಿಲ್ಲಿಸುವುದು, ಕೂರುವುದು ತಡವಾಗುತ್ತದೆ. ಅಪಸ್ಮಾರ, ಅತಿಚಟುವಟಿಕೆ, ಎಸ್ಜಿಮಾ ಕಾಣಿಸಬಹುದು. ಮೂತ್ರಕ್ಕೂ ಬೆವರಿಗೂ ಒಂದು ಬಗೆಯ ಮುಗ್ಗಲು ವಾಸನೆ. ಹೆಚ್ಚಾದ ಫಿನೈಲ್‌ಅಲನಿನ್ ಟೈರೊಸಿನೇಸ್ ಕಿಣ್ವಕ್ಕೂ ಅಡ್ಡಿಯಾಗುವುದರಿಂದ ಮಗುವಿನ ಕೂದಲು ಕೆಂಚಾಗಿ, ಮೈಬಣ್ಣ ಒಡಹುಟ್ಟಿದವರಿಗಿಂತ ತಿಳಿಯಾಗಿರುತ್ತದೆ. ಬಿಳಿ ಬಣ್ಣವನ್ನು ಮೆಚ್ಚುವ ನಮ್ಮ ಸಮಾಜದಲ್ಲಿ ಇದು ರೋಗದ ಕುರುಹಾಗಿ ಕಾಣದೆ ಹೊಗಳಿಕೆಗೆ ವಸ್ತುವಾಗಿಬಿಡುವುದು ಸಹಜ.

ಈ ರೋಗವನ್ನು ಗುರುತಿಸಿದವರು ನಾರ್ವೆಯ ಅಸ್‌ಬ್ಯೋರ್ನ್ ಫೊಲಿಂಗ್. 1934ರಲ್ಲಿ ಇಬ್ಬರು ಬುದ್ಧಿಮಾಂದ್ಯ ಮಕ್ಕಳ ತಾಯಿಯೊಬ್ಬಳು, ಮಕ್ಕಳ ಮೈಯ ವಿಚಿತ್ರ ವಾಸನೆಗೂ ಅವರ ಸ್ಥಿತಿಗೂ ಸಂಬಂಧವಿರಲೇಬೇಕೆಂದು ಹಟ ಹಿಡಿದು ಅವರಲ್ಲಿಗೆ ಬಂದಳು. ಅಷ್ಟರಲ್ಲಿ ಅನೇಕ ವೈದ್ಯರು ಆಕೆಯ ಮಾತನ್ನು ತಳ್ಳಿಹಾಕಿದ್ದರು. ಫೊಲಿಂಗ್ ವೈದ್ಯರೂ ರಸಾಯನಶಾಸ್ತ್ರಜ್ಞರೂ ಆಗಿದ್ದರು. ಮಕ್ಕಳ ಮೂತ್ರಕ್ಕೆ ಫೆರಿಕ್ ಕ್ಲೋರೈಡ್ ಹನಿಸಿದಾಗ ಅವರು ಅದುವರೆಗೆ ಕಂಡಿರದ ಗಾಢ ಹಸಿರು ಬಣ್ಣ ಮೂಡಿತು. ಲೀಟರುಗಟ್ಟಲೆ ಮೂತ್ರವನ್ನು ಸಂಸ್ಕರಿಸಿ ಅದರಲ್ಲಿದ್ದುದು ಫಿನೈಲ್‌ಪೈರೂವಿಕ್ ಆಮ್ಲವೆಂದು ಸ್ಥಾಪಿಸಿದ ಅವರು, ಬಳಿಕ ಆಶ್ರಯಧಾಮಗಳಲ್ಲಿದ್ದ 430 ಮಂದಿಯನ್ನು ಪರೀಕ್ಷಿಸಿ ಇನ್ನೂ ಎಂಟು ರೋಗಿಗಳನ್ನು ಕಂಡರು. ತಾಯಿಯ ಊಹೆ ನಿಜವಾಯಿತು, ಆದರೆ ಅವಳ ಮಕ್ಕಳಿಗೆ ಅದರಿಂದ ಪ್ರಯೋಜನವಾಗಲಿಲ್ಲ.

ಚಿಕಿತ್ಸೆಯ ದಾರಿ 1950ರ ದಶಕದ ಆರಂಭದಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ ತೆರೆಯಿತು. ಹೋರ್ಸ್ಟ್ ಬಿಕೆಲ್ ಮತ್ತು ಸಂಗಡಿಗರು ಒಂದೂವರೆ ವರ್ಷದ ಹೆಣ್ಣುಮಗುವಿಗೆ ಫಿನೈಲ್‌ಅಲನಿನ್ ತೆಗೆದುಹಾಕಿದ ಪ್ರೋಟೀನು ಮಿಶ್ರಣ ಕೊಟ್ಟಾಗ ಅವಳು ತೆವಳಲು, ನಿಲ್ಲಲು ಕಲಿತಳು. ಸುಧಾರಣೆ ಆಹಾರದಿಂದಲೇ ಆದದ್ದೆಂದು ಖಚಿತಪಡಿಸಿಕೊಳ್ಳಲು ತಾಯಿಗೆ ತಿಳಿಸದೆ ಆ ಮಿಶ್ರಣಕ್ಕೆ ಮತ್ತೆ ಫಿನೈಲ್‌ಅಲನಿನ್ ಬೆರೆಸಲಾಯಿತು. ಕೆಲವೇ ದಿನಗಳಲ್ಲಿ ಮಗು ಕಲಿತದ್ದನ್ನು ಕಳೆದುಕೊಂಡಿತು. ಇಂದಿನ ನೈತಿಕ ಸಮಿತಿಗಳು ಒಪ್ಪದ ಪ್ರಯೋಗವದು. ಮಿದುಳಿಗೆ ಆಗಲೇ ಆದ ಹಾನಿ ಮಾತ್ರ ಮರಳಿ ಸರಿಹೋಗುವುದಿಲ್ಲವೆಂಬುದೂ ಕ್ರಮೇಣ ತಿಳಿಯಿತು. ಚಿಕಿತ್ಸೆ ಹುಟ್ಟಿದ ಎರಡು ವಾರಗಳೊಳಗೇ ಆರಂಭವಾಗಬೇಕು. ಮೂತ್ರದ ಹಸಿರು ಪರೀಕ್ಷೆ ಇದಕ್ಕೆ ನೆರವಾಗದು, ಏಕೆಂದರೆ ಮೊದಲ ದಿನಗಳಲ್ಲಿ ಫಿನೈಲ್‌ಪೈರೂವಿಕ್ ಆಮ್ಲ ಮೂತ್ರದಲ್ಲಿ ಕಾಣಿಸಿಕೊಳ್ಳುವುದೇ ಇಲ್ಲ. 1960ರ ದಶಕದ ಆದಿಯಲ್ಲಿ ಅಮೆರಿಕದ ರಾಬರ್ಟ್ ಗತ್ರಿ ಈ ತೊಡಕನ್ನು ಬಿಡಿಸಿದರು. ಹಿಮ್ಮಡಿ ಚುಚ್ಚಿ ತೆಗೆದ ರಕ್ತವನ್ನು ಶೋಧಕ ಕಾಗದದ ಮೇಲೆ ಒಣಗಿಸಿ, ಅದರ ಸಣ್ಣ ಬಿಲ್ಲೆಯ ಸುತ್ತ ಬ್ಯಾಕ್ಟೀರಿಯಾ ಎಷ್ಟು ಬೆಳೆಯುತ್ತದೆಂಬುದರಿಂದ ಫಿನೈಲ್‌ಅಲನಿನ್ ಅಳೆಯುವ ಅಗ್ಗದ ವಿಧಾನ ಅವರದು. ಅವರ ಸ್ವಂತ ಮಗ ಬುದ್ಧಿಮಾಂದ್ಯನಾಗಿದ್ದ. ಸಂಬಂಧಿಕರ ಮಗುವೊಂದಕ್ಕೆ ಇದೇ ರೋಗ ತಡವಾಗಿ ಪತ್ತೆಯಾಗಿತ್ತು. ಒಣಗಿದ ರಕ್ತದ ಕಾಗದ ಅಂಚೆಯಲ್ಲಿ ಹೋಗಬಲ್ಲದು ಎಂಬುದೇ ಈ ವಿಧಾನದ ಶಕ್ತಿ. ನವಜಾತ ಶಿಶುಗಳ ಸಾರ್ವತ್ರಿಕ ತಪಾಸಣೆ ಹುಟ್ಟಿದ್ದು ಇದರಿಂದ.

ಹೊಸೂರು ರಸ್ತೆಯಿಂದ ಭಾರತೀಯ ವಿಜ್ಞಾನ ಸಂಸ್ಥೆಗೆ

ಜಯನಗರದ ಪೂರ್ವದ ಅಂಚಿನಲ್ಲಿ, ಹೊಸೂರು ರಸ್ತೆಯ ಮೇಲೆ, 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಆರಂಭವಾಯಿತು. 1974ರಲ್ಲಿ ಅದು ಪಕ್ಕದ ಮಾನಸಿಕ ಆಸ್ಪತ್ರೆಯೊಡನೆ ಕೂಡಿ ನಿಮ್ಹಾನ್ಸ್ ಆಯಿತು. ಅಲ್ಲಿಗೆ ಕರೆತರುತ್ತಿದ್ದ ಬುದ್ಧಿಮಾಂದ್ಯ ಮಕ್ಕಳ ರಕ್ತ, ಮೂತ್ರಗಳನ್ನು ವ್ಯವಸ್ಥಿತವಾಗಿ ಪರೀಕ್ಷಿಸಿ ಚಯಾಪಚಯ ದೋಷಗಳನ್ನು ಹುಡುಕುವ ಕೆಲಸವನ್ನು ಬಿ.ಎಸ್. ಶ್ರೀಧರ ರಾಮರಾವ್, ಎಚ್.ಎಸ್. ನಾರಾಯಣನ್ ಮೊದಲಾದವರು 1970ರ ದಶಕದಲ್ಲಿ ನಡೆಸಿದರು. ರಕ್ತಸಂಬಂಧದ ಮದುವೆಗೂ ಕುಟುಂಬಗಳಲ್ಲಿ ಮರುಕಳಿಸುವ ಬುದ್ಧಿಮಾಂದ್ಯಕ್ಕೂ ಇರುವ ನಂಟನ್ನೂ ಅವರು ಪರಿಶೀಲಿಸಿದರು. ಇದು ಅಗತ್ಯದ ಕೆಲಸವಾಗಿದ್ದರೂ ಸ್ವಭಾವತಃ ತಡವಾದ ಹುಡುಕಾಟ. ಆಸ್ಪತ್ರೆಗೆ ಬರುವ ಮಗು ಆಗಲೇ ಹಿಂದುಳಿದಿರುತ್ತದೆ. ರೋಗದ ಹೆಸರು ತಿಳಿದರೆ ಆ ಮಗುವಿಗಿಂತ ಅದರ ಬೆನ್ನಲ್ಲಿ ಹುಟ್ಟುವ ತಮ್ಮ ತಂಗಿಯರಿಗೇ ಹೆಚ್ಚು ಲಾಭ.

ಹುಟ್ಟಿದ ಕೂಡಲೇ ಹುಡುಕುವ ಪ್ರಯತ್ನ ನಡೆದದ್ದು ನಗರದ ಇನ್ನೊಂದು ತುದಿಯಲ್ಲಿ. 1980ರ ದಶಕದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಜೀವರಸಾಯನ ವಿಭಾಗದ ಎನ್. ಅಪ್ಪಾಜಿ ರಾವ್, ಎ. ರಾಧಾ ರಮಾದೇವಿ, ಎಚ್.ಎಸ್. ಸಾವಿತ್ರಿ ಇವರು ಲಂಡನ್ನಿನ ಅಲನ್ ಬಿಟಲ್ಸ್ ಅವರ ಸಹಯೋಗದೊಡನೆ ಕರ್ನಾಟಕದಲ್ಲಿ ಹುಟ್ಟಿದ ಲಕ್ಷದ ಆಸುಪಾಸಿನ ಶಿಶುಗಳ ರಕ್ತವನ್ನು ಅಮೈನೊ ಆಮ್ಲಗಳ ದೋಷಗಳಿಗಾಗಿ ಪರೀಕ್ಷಿಸಿದರು. 1988ರಲ್ಲಿ ಪ್ರಕಟವಾದ ಇದರ ಫಲಿತಾಂಶಗಳಲ್ಲಿ ಟೈರೊಸಿನೀಮಿಯಾ, ಮೇಪಲ್ ಸಿರಪ್ ಮೂತ್ರ ರೋಗ ಮತ್ತು ಫಿನೈಲ್‌ಕೀಟೋನೂರಿಯಾ ಪ್ರಮುಖವಾಗಿ ಕಂಡುಬಂದವು. ಭಾರತದಲ್ಲಿ ನವಜಾತ ತಪಾಸಣೆಯ ಚರಿತ್ರೆ ಬರೆಯುವವರು ಇಂದಿಗೂ ಈ ಸಮೀಕ್ಷೆಯಿಂದಲೇ ತೊಡಗುತ್ತಾರೆ. ಇಷ್ಟು ದೊಡ್ಡ ಆರಂಭ ಒಂದು ಸಂಶೋಧನೆಯಾಗಿಯೇ ಮುಗಿದು, ರಾಜ್ಯದ ಹೆರಿಗೆ ಆಸ್ಪತ್ರೆಗಳ ನಿತ್ಯದ ಕ್ರಮವಾಗಿ ಬೇರೂರಲಿಲ್ಲವೆಂಬುದು ವಿಷಾದದ ಸಂಗತಿ.

ಇದೇ ತಂಡದ ಇನ್ನೊಂದು ಸರಣಿಯ ಅಧ್ಯಯನಗಳು ಕರ್ನಾಟಕದ ನಗರಗಳಲ್ಲಿ ಹೆರಿಗೆಗೆ ಬಂದ ತಾಯಂದಿರ ಮದುವೆಯ ಸಂಬಂಧಗಳನ್ನು ದಾಖಲಿಸಿದವು. ಮೂರರಲ್ಲಿ ಸುಮಾರು ಒಂದು ಮದುವೆ ರಕ್ತಸಂಬಂಧದೊಳಗೇ ಆಗಿತ್ತು; ಸೋದರಮಾವನೊಡನೆ ಆದ ಮದುವೆಗಳೂ ಸೋದರಮಾವನ ಮಗನೋ ಸೋದರತ್ತೆಯ ಮಗನೋ ವರನಾದ ಮದುವೆಗಳೂ ಅವುಗಳಲ್ಲಿ ಹೆಚ್ಚಿನವು. ಫಿನೈಲ್‌ಕೀಟೋನೂರಿಯಾ ಬರಬೇಕಾದರೆ 12ನೆಯ ವರ್ಣತಂತುವಿನ ಮೇಲಿರುವ ವಂಶವಾಹಿಯ ಎರಡು ಪ್ರತಿಗಳೂ, ಅಂದರೆ ತಾಯಿಯಿಂದ ಬಂದದ್ದೂ ತಂದೆಯಿಂದ ಬಂದದ್ದೂ, ದೋಷಯುಕ್ತವಾಗಿರಬೇಕು. ಒಂದೇ ಪ್ರತಿ ಕೆಟ್ಟಿರುವವರು ವಾಹಕರು, ಅವರಿಗೆ ಯಾವ ತೊಂದರೆಯೂ ಇಲ್ಲ. ಒಂದು ಸಮುದಾಯದಲ್ಲಿ ಕೆಟ್ಟ ಪ್ರತಿ ನೂರಕ್ಕೊಂದು ಇದೆಯೆಂದು ಲೆಕ್ಕಕ್ಕಾಗಿ ಭಾವಿಸೋಣ. ಸಂಬಂಧವಿಲ್ಲದ ದಂಪತಿಗಳ ಮಕ್ಕಳಲ್ಲಿ 10,000ಕ್ಕೆ ಒಂದು ಮಗುವಿಗೆ ರೋಗ ಬರುತ್ತದೆ. ಅತ್ತೆ, ಮಾವನ ಮಕ್ಕಳು ಮದುವೆಯಾದಲ್ಲಿ ಅದು ಸುಮಾರು 1,400ಕ್ಕೆ ಒಂದು. ಸೋದರಮಾವನನ್ನು ಮದುವೆಯಾದಲ್ಲಿ ಸುಮಾರು 750ಕ್ಕೆ ಒಂದು. ಆ 750ರಲ್ಲಿ 749 ಮಕ್ಕಳಿಗೆ ಈ ರೋಗ ಇಲ್ಲವೆಂಬುದನ್ನೂ ಹೇಳಬೇಕು. ಅಜ್ಜಿಯೂ ಸೋದರಮಾವನನ್ನೇ ಮದುವೆಯಾದವಳು, ಯಾರಿಗೆ ಏನಾಯಿತು ಎಂದು ಮನೆಯವರು ಕೇಳುವ ಪ್ರಶ್ನೆಗೆ ಅನುಭವದ ಬಲವಿರುವುದು ಇದರಿಂದಲೇ. ಆದರೆ ವಂಶವಾಹಿ ಎಷ್ಟು ಅಪರೂಪವೋ ರಕ್ತಸಂಬಂಧದ ಪಾಲು ಅಷ್ಟು ಹೆಚ್ಚು, ಮತ್ತು ಇಂತಹ ಅಪರೂಪದ ರೋಗಗಳು ನೂರಾರು ಇವೆ.

ಅಡುಗೆಮನೆಯ ಲೆಕ್ಕ

ರೋಗ ಪತ್ತೆಯಾದ ಮೇಲೆ ಚಿಕಿತ್ಸೆ ನಡೆಯುವುದು ಅಡುಗೆಮನೆಯಲ್ಲಿ. ತೀವ್ರ ರೂಪದ ರೋಗವಿರುವ ಚಿಕ್ಕ ಮಗು ದಿನಕ್ಕೆ ಸುಮಾರು 250ರಿಂದ 350 ಮಿಲಿಗ್ರಾಂ ಫಿನೈಲ್‌ಅಲನಿನ್ ಮಾತ್ರ ತಾಳಿಕೊಳ್ಳಬಲ್ಲದು; ಎಂದರೆ ಐದರಿಂದ ಏಳು ಗ್ರಾಂ ಪ್ರೋಟೀನು. ನೂರು ಗ್ರಾಂ ಅಕ್ಕಿಯಲ್ಲೋ ರಾಗಿ ಹಿಟ್ಟಿನಲ್ಲೋ ಹೆಚ್ಚುಕಡಿಮೆ ಏಳು ಗ್ರಾಂ ಪ್ರೋಟೀನು ಇರುತ್ತದೆ. ಒಂದು ಇಡ್ಲಿಯಲ್ಲಿ ಎರಡು ಗ್ರಾಂ ಎಂದರೆ ಮೂರು ಇಡ್ಲಿಗೆ ದಿನದ ಪಾಲು ತೀರಿತು. ತೊಗರಿಬೇಳೆಯ ನೂರು ಗ್ರಾಮಿನಲ್ಲಿ 22 ಗ್ರಾಂ ಪ್ರೋಟೀನಿರುವುದರಿಂದ ಸಾರಿನ ತಿಳಿಯನ್ನೂ ಅಳೆದೇ ಹಾಕಬೇಕು. ಹಸುವಿನ ಹಾಲಿನ ನೂರು ಮಿಲಿಲೀಟರಿನಲ್ಲಿ ಸುಮಾರು 160 ಮಿಲಿಗ್ರಾಂ ಫಿನೈಲ್‌ಅಲನಿನ್. ತಾಯಿಯ ಹಾಲಿನಲ್ಲಿ ಅದರ ಮೂರನೆಯ ಒಂದು ಪಾಲಿಗಿಂತ ಹೆಚ್ಚಿಲ್ಲ. ಆದುದರಿಂದಲೇ ಇಂತಹ ಮಗುವಿಗೂ ಎದೆಹಾಲನ್ನು ಸಂಪೂರ್ಣ ನಿಲ್ಲಿಸುವ ಅಗತ್ಯವಿಲ್ಲ, ಅಳತೆ ಮತ್ತು ರಕ್ತಪರೀಕ್ಷೆಯೊಡನೆ ಮುಂದುವರಿಸಬಹುದು. ನಿಮ್ಹಾನ್ಸಿನಿಂದ ಕೂಗಳತೆಯಲ್ಲಿರುವ ಡೇರಿ ವೃತ್ತದಿಂದ ಊರಿಗೆಲ್ಲ ಹೋಗುವ ಹಾಲು ಈ ಮಕ್ಕಳ ಪಾಲಿಗೆ ಔಷಧದಂತೆ ಅಳೆಯಬೇಕಾದ ವಸ್ತು.

ಹೊಟ್ಟೆ ತುಂಬಿಸಲು ನಮ್ಮ ಅಡುಗೆಯಲ್ಲೇ ಕೆಲವು ದಾರಿಗಳಿವೆ. ಸಬ್ಬಕ್ಕಿ, ಕೂವೆ ಹಿಟ್ಟು ಇವುಗಳಲ್ಲಿ ಪ್ರೋಟೀನು ತೀರ ಕಡಿಮೆ. ಬೆಲ್ಲ, ಸಕ್ಕರೆ, ತುಪ್ಪ, ಎಣ್ಣೆಗಳಲ್ಲಿ ಇಲ್ಲವೆಂದೇ ಹೇಳಬಹುದು. ಬೂದುಗುಂಬಳ, ಸೋರೆಕಾಯಿ, ಬಾಳೆದಿಂಡು, ಬಹುತೇಕ ಹಣ್ಣುಗಳು ಧಾರಾಳವಾಗಿ ನಡೆಯುತ್ತವೆ. ಏಕಾದಶಿಯ ಫಲಾಹಾರ ಬಲ್ಲ ಮನೆಗಳಿಗೆ ಈ ಪಟ್ಟಿಯ ಅರ್ಧಭಾಗ ಹೊಸದಲ್ಲ. ಆದರೆ ಇವುಗಳಿಂದ ಮಗು ಬೆಳೆಯುವುದಿಲ್ಲ. ಬೆಳವಣಿಗೆಗೆ ಬೇಕಾದ ಉಳಿದೆಲ್ಲ ಅಮೈನೊ ಆಮ್ಲಗಳೂ ಹೆಚ್ಚುವರಿ ಟೈರೊಸಿನ್ನೂ ಇರುವ, ಫಿನೈಲ್‌ಅಲನಿನ್ ಮಾತ್ರ ಇಲ್ಲದ ವಿಶೇಷ ಪುಡಿ ಅನಿವಾರ್ಯ. ಅದು ದುಬಾರಿ, ವಾಸನೆಯೂ ರುಚಿಯೂ ಅಹಿತ, ಬೇಕಾಗುವುದು ಜೀವನಪರ್ಯಂತ. ಫಿನೈಲ್‌ಅಲನಿನ್ ಅತಿಯಾಗಿ ಕಡಿತಗೊಂಡರೂ ಅಪಾಯವೇ: ದೇಹ ತನ್ನ ಸ್ನಾಯುಗಳನ್ನೇ ಒಡೆದುಕೊಂಡು ಮಟ್ಟ ಮತ್ತೆ ಏರುತ್ತದೆ. ಜ್ವರ ಬಂದಾಗಲೂ ಹೀಗೆಯೇ. ಮಗು ಏನೂ ತಿನ್ನದ ದಿನ ರಕ್ತದ ಮಟ್ಟ ಏರಿರುವುದನ್ನು ಕಂಡು ತಾಯಂದಿರು ಕಂಗಾಲಾಗುತ್ತಾರೆ.

ಇನ್ನೊಂದು ಎಚ್ಚರ. ಫಿನೈಲ್‌ಅಲನಿನ್ ಏರಿರುವ ಮಕ್ಕಳಲ್ಲಿ ಕೆಲವರಿಗೆ ಕಿಣ್ವ ಸರಿಯಾಗಿದ್ದು ಅದರ ಸಹಾಯಕವಾದ ಟೆಟ್ರಾಹೈಡ್ರೊಬಯಾಪ್ಟೆರಿನ್ ಇರುವುದಿಲ್ಲ. ಅದೇ ಅಣು ಡೋಪಮೀನ್, ಸಿರೊಟೋನಿನ್‌ಗಳ ತಯಾರಿಕೆಗೂ ಬೇಕಾದುದರಿಂದ, ಆಹಾರ ನಿಯಂತ್ರಣದಿಂದ ರಕ್ತದ ಮಟ್ಟ ಇಳಿದರೂ ಮಗು ಕುಸಿಯುತ್ತಲೇ ಹೋಗುತ್ತದೆ. ಸಂದೇಶವಾಹಕಗಳ ಮೂಲದ್ರವ್ಯಗಳನ್ನೇ ಔಷಧವಾಗಿ ಕೊಡಬೇಕು. ಆದ್ದರಿಂದ ಮಟ್ಟ ಏರಿದ ಪ್ರತಿ ಮಗುವಿಗೂ ಈ ಪ್ರತ್ಯೇಕ ಪರೀಕ್ಷೆ ಆಗಲೇಬೇಕು.

ತಲುಪುವ ದಾರಿ

ಇಂದು ಗತ್ರಿಯವರ ಬ್ಯಾಕ್ಟೀರಿಯಾಗಳ ಜಾಗಕ್ಕೆ ಟ್ಯಾಂಡೆಮ್ ಮಾಸ್ ಸ್ಪೆಕ್ಟ್ರೋಮೀಟರ್ ಬಂದಿದೆ. ಒಂದೇ ರಕ್ತದ ಚುಕ್ಕೆಯಲ್ಲಿ ಹತ್ತಾರು ರೋಗಗಳನ್ನು ಅದು ಕೆಲವು ನಿಮಿಷಗಳಲ್ಲಿ ಅಳೆಯುತ್ತದೆ. ಖಾಸಗಿ ಹೆರಿಗೆ ಆಸ್ಪತ್ರೆಗಳಲ್ಲಿ ಹಣ ತೆರಬಲ್ಲವರಿಗೆ ಈ ಪರೀಕ್ಷೆ ದೊರೆಯುತ್ತದೆ. ದೇಶವ್ಯಾಪಿಯಾದ ಕಡ್ಡಾಯ ತಪಾಸಣೆ ಭಾರತದಲ್ಲಿಲ್ಲ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ 30 ಸ್ಥಿತಿಗಳ ಪಟ್ಟಿಯಲ್ಲಿ ಫಿನೈಲ್‌ಕೀಟೋನೂರಿಯಾ ಸೇರಿಲ್ಲ. ನೆರೆಯ ಕೇರಳ ತನ್ನ ಸರ್ಕಾರಿ ಆಸ್ಪತ್ರೆಗಳ ತಪಾಸಣೆಯಲ್ಲಿ ಇದನ್ನು ಸೇರಿಸಿಕೊಂಡಿರುವುದರಿಂದ ಕಾಸರಗೋಡಿನ ಕನ್ನಡ ಮನೆಯ ಶಿಶುವಿಗೆ ಈ ವಿಷಯದಲ್ಲಿ ಅನುಕೂಲ ಹೆಚ್ಚು.

2021ರ ರಾಷ್ಟ್ರೀಯ ಅಪರೂಪದ ರೋಗಗಳ ನೀತಿ ಫಿನೈಲ್‌ಕೀಟೋನೂರಿಯಾವನ್ನು ವಿಶೇಷ ಆಹಾರದಿಂದ ನಿಭಾಯಿಸಬಹುದಾದ ರೋಗಗಳ ಗುಂಪಿನಲ್ಲಿ ಸೇರಿಸಿತು. ನಿಮ್ಹಾನ್ಸಿನ ಮಗ್ಗುಲಲ್ಲೇ ಇರುವ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆಯನ್ನೂ ಮಾನವ ತಳಿವಿಜ್ಞಾನ ಕೇಂದ್ರವನ್ನೂ ಜೊತೆಗೂಡಿಸಿ ಉತ್ಕೃಷ್ಟತಾ ಕೇಂದ್ರವೆಂದು ಗುರುತಿಸಲಾಯಿತು. ಇಂತಹ ಕೇಂದ್ರಗಳ ಮೂಲಕ ರೋಗಿಯೊಬ್ಬರಿಗೆ 50 ಲಕ್ಷ ರೂಪಾಯಿಯವರೆಗೆ ನೆರವು ನೀಡಲು 2022ರಲ್ಲಿ ಅವಕಾಶವಾಯಿತು. ಆಜೀವ ಚಿಕಿತ್ಸೆಯ ರೋಗಕ್ಕೆ ಒಟ್ಟು ಮೊತ್ತದ ಮಿತಿ ಎಷ್ಟು ಹೊಂದುತ್ತದೆಂಬ ಪ್ರಶ್ನೆ ಉಳಿದೇ ಇದೆ.

ತಪಾಸಣೆ ಬಂದರೂ ನಮ್ಮ ರೂಢಿಯೊಂದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಗುತ್ತದೆ. ಬನಶಂಕರಿಯಲ್ಲೋ ಬಿ.ಟಿ.ಎಂ. ಬಡಾವಣೆಯಲ್ಲೋ ವಾಸವಿರುವ ಬಾಣಂತಿ ಹೆರಿಗೆಯಾದ ಎರಡು ಮೂರು ದಿನಗಳಲ್ಲಿ ತವರಿಗೆ ಹೊರಡುತ್ತಾಳೆ. ತವರು ಮಂಡ್ಯದಲ್ಲಿರಬಹುದು, ರಾಯಚೂರಿನಲ್ಲಿರಬಹುದು. ರಕ್ತದ ಕಾಗದದ ಮೇಲೆ ಬರೆಯಿಸಿದ್ದು ಗಂಡನ ಮನೆಯ ವಿಳಾಸ. ಎರಡನೆಯ ವಾರದೊಳಗೆ ಹುಡುಕಿ ಕರೆತರಬೇಕಾದ ಮಗು ಆ ವಿಳಾಸದಲ್ಲಿ ಇರುವುದಿಲ್ಲ. ಕಾಗದದಲ್ಲಿ ತವರಿನ ವಿಳಾಸಕ್ಕೂ ದೂರವಾಣಿ ಸಂಖ್ಯೆಗೂ ಒಂದು ಸಾಲು ಬೇಕು.

ಔಷಧಗಳೂ ಬೆಳೆದಿವೆ. ಉಳಿದಿರುವ ಕಿಣ್ವವನ್ನು ಚುರುಕುಗೊಳಿಸುವ ಸ್ಯಾಪ್ರೊಪ್ಟೆರಿನ್ 2007ರಲ್ಲಿ, ಫಿನೈಲ್‌ಅಲನಿನ್ ಅನ್ನು ರಕ್ತದಲ್ಲೇ ಒಡೆಯುವ ಚುಚ್ಚುಮದ್ದು ಪೆಗ್‌ವೇಲಿಯೇಸ್ 2018ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದವು. ಮೊದಲನೆಯದು ಎಲ್ಲರಿಗೂ ಫಲಿಸುವುದಿಲ್ಲ. ಬೆಲೆ ಎರಡಕ್ಕೂ ಹೆಚ್ಚು.

ಕಾಲಕ್ಕೆ ಸರಿಯಾಗಿ ಚಿಕಿತ್ಸೆ ಪಡೆದ ಹೆಣ್ಣುಮಗು ಓದಿ, ಉದ್ಯೋಗ ಹಿಡಿದು, ಮದುವೆಯಾಗುತ್ತಾಳೆ. ಅಷ್ಟರಲ್ಲಿ ಪಥ್ಯ ಸಡಿಲವಾಗಿದ್ದರೆ ಅವಳ ರಕ್ತದ ಫಿನೈಲ್‌ಅಲನಿನ್ ಮಾಸುವನ್ನು ದಾಟಿ ಗರ್ಭದ ಶಿಶುವನ್ನು ಮುಟ್ಟುತ್ತದೆ. ಆ ಶಿಶುವಿಗೆ ರೋಗ ಬಂದಿರಬೇಕಾಗಿಲ್ಲ. ಆದರೂ ತಲೆ ಚಿಕ್ಕದಾಗಿ, ಹೃದಯದಲ್ಲಿ ದೋಷವಿದ್ದು, ಬುದ್ಧಿ ಕುಂದಿ ಹುಟ್ಟಬಹುದು. ಚಿಕಿತ್ಸೆಯಿಲ್ಲದೆ ಮಟ್ಟ 20 ಮಿಲಿಗ್ರಾಂ ಮೀರಿದ್ದ ತಾಯಂದಿರ ಮಕ್ಕಳಲ್ಲಿ ನೂರಕ್ಕೆ 92 ಮಂದಿ ಬುದ್ಧಿಮಾಂದ್ಯರಾಗಿದ್ದರೆಂದು 1980ರಲ್ಲಿ ಪ್ರಕಟವಾದ ಅಮೆರಿಕದ ಸಂಶೋಧಕರ ಸಮೀಕ್ಷೆ ತಿಳಿಸಿತು. ಆದುದರಿಂದ ಗರ್ಭ ನಿಲ್ಲುವ ಮುನ್ನವೇ ಮಟ್ಟವನ್ನು ಎರಡರಿಂದ ಆರು ಮಿಲಿಗ್ರಾಂ ಒಳಗೆ ತಂದು, ಬಯಕೆಯ ತಿಂಗಳುಗಳಲ್ಲೂ ಸೀಮಂತದ ಎಲೆಯ ಮುಂದೆಯೂ ಅಳತೆ ತಪ್ಪದೆ, ಹೆರಿಗೆಯವರೆಗೆ ಅಲ್ಲೇ ಕಾಯ್ದುಕೊಳ್ಳಬೇಕು. ಅದಕ್ಕಾಗಿ ರಕ್ತವನ್ನು ವಾರಕ್ಕೊಮ್ಮೆಯಾದರೂ ಪರೀಕ್ಷಿಸಬೇಕು.